ನಾಯಿ ಕಾಲು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಾಗ: ಖಿನ್ನತೆ ನಿವಾರಕ ಮಾತ್ರೆ ಯಾವಾಗ, ಹೇಗೆ?

‘ನಮ್ಮ ಲ್ಯಾಬ್ರಡಾರ್ ಆರು ತಿಂಗಳಿಂದ ಮುಂಗಾಲನ್ನು ನೆಕ್ಕುತ್ತಲೇ ಇದೆ. ಕೂದಲೆಲ್ಲ ಉದುರಿ, ಚರ್ಮ ಜಡ್ಡುಗಟ್ಟಿ, ನಡುವೆ ಹುಣ್ಣಾಗಿದೆ. ಮುಲಾಮು ಹಚ್ಚಿದೆವು, ಬ್ಯಾಂಡೇಜ್ ಕಟ್ಟಿಸಿದೆವು, ಇಂಜೆಕ್ಷನ್ ಹಾಕಿಸಿದೆವು, ಏನೂ ಹಿಡಿಯಲಿಲ್ಲ. ಈಗ ಡಾಕ್ಟರು ಮನುಷ್ಯರ ಖಿನ್ನತೆಗೆ ಕೊಡುವ ಮಾತ್ರೆ ಬರೆದಿದ್ದಾರೆ. ಕೊಡಬಹುದೇ?’ ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೊಡಬಹುದು, ಸರಿಯಾದ ನಾಯಿಗೆ, ಸರಿಯಾದ ಹೊತ್ತಿಗೆ ಕೊಟ್ಟರೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಆ ಹೊತ್ತು ಬರುವ ಮೊದಲೇ ಆಗಬೇಕಾದ ಕೆಲಸಗಳಿವೆ. ಅವನ್ನು ಬಿಟ್ಟು ನೇರವಾಗಿ ಮಾತ್ರೆಗೆ ಕೈಹಾಕಿದ ಮನೆಗಳಲ್ಲೇ ‘ಮಾತ್ರೆಯೂ ಉಪಯೋಗಕ್ಕೆ ಬರಲಿಲ್ಲ’ ಎಂಬ ಮಾತು ಹೆಚ್ಚಾಗಿ ಕೇಳಿಬರುತ್ತದೆ.

ಇದು ಎಂಥ ಕಾಯಿಲೆ

ಪಶುವೈದ್ಯರು ಇದನ್ನು ‘ಏಕ್ರಲ್ ಲಿಕ್ ಡರ್ಮಟೈಟಿಸ್’ ಅಥವಾ ‘ಲಿಕ್ ಗ್ರಾನ್ಯುಲೋಮ’ ಎನ್ನುತ್ತಾರೆ. ಕೈಕಾಲಿನ ಕೆಳಭಾಗವನ್ನು ನೆಕ್ಕಿದ್ದರಿಂದ ಆದ ಚರ್ಮದ ಉರಿಯೂತ ಎಂಬುದು ಮೊದಲ ಹೆಸರಿನ ಅರ್ಥ. ಸಾಮಾನ್ಯವಾಗಿ ಒಂದೇ ಗಾಯ ಇರುತ್ತದೆ. ಅದು ಮುಂಗಾಲಿನ ಮಣಿಕಟ್ಟಿನ ಮುಂಭಾಗದಲ್ಲಿ, ಇಲ್ಲವೇ ಹಿಂಗಾಲಿನ ಕೆಳಭಾಗದಲ್ಲಿ, ಅಂದರೆ ನಾಯಿ ಮಲಗಿದಲ್ಲಿಂದಲೇ ನಾಲಿಗೆಗೆ ಸುಲಭವಾಗಿ ಎಟುಕುವ ಜಾಗದಲ್ಲಿ ಆಗುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಡಾಬರ್‌ಮನ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಲ್ಲಿ ಇದು ಹೆಚ್ಚು.

ಒಂದು ಸಣ್ಣ ನವೆ, ಕೀಲುನೋವು ಅಥವಾ ಬೇಸರದಿಂದ ನೆಕ್ಕುವುದು ಶುರುವಾಗುತ್ತದೆ. ಒರಟು ನಾಲಿಗೆಯ ಉಜ್ಜುವಿಕೆಗೆ ಚರ್ಮ ದಪ್ಪಗಾಗುತ್ತದೆ, ಕೂದಲಿನ ಬುಡದ ಚೀಲಗಳು ಒಳಗೊಳಗೇ ಒಡೆದು ಕೂದಲಿನ ಚೂರುಗಳು ಚರ್ಮದ ಆಳಕ್ಕೆ ಸೇರುತ್ತವೆ, ಅಲ್ಲಿ ಬ್ಯಾಕ್ಟೀರಿಯಾ ಬೇರೂರುತ್ತವೆ. ಈ ಆಳದ ಸೋಂಕು ತಾನೇ ನವೆ ಹುಟ್ಟಿಸುತ್ತದೆ. ನವೆಗೆ ನಾಯಿ ಇನ್ನಷ್ಟು ನೆಕ್ಕುತ್ತದೆ. ಕೆಲವು ನಾಯಿಗಳಲ್ಲಿ ಈ ಚಕ್ರದ ಮೇಲೆ ಗೀಳು ಕೂಡಿಕೊಳ್ಳುತ್ತದೆ. ಆಗ ನಾಯಿ ಊಟ, ಆಟ, ನಿದ್ದೆಗಳನ್ನು ಬಿಟ್ಟು ನೆಕ್ಕುತ್ತದೆ, ತಡೆದರೆ ಚಡಪಡಿಸುತ್ತದೆ, ಬಿಟ್ಟ ತಕ್ಷಣ ಅದೇ ಜಾಗಕ್ಕೆ ಮರಳುತ್ತದೆ.

ಖಿನ್ನತೆಯ ಮಾತ್ರೆ ಏಕೆ

ಮಾತ್ರೆ ಬರೆದರೆಂದರೆ ನಾಯಿ ಖಿನ್ನವಾಗಿದೆ ಎಂದಲ್ಲ. ಇದನ್ನು ತಿಳಿಯಲು 1992ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಬೇಕು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಗೀಳುರೋಗದ ಅಧ್ಯಯನ ಮಾಡುತ್ತಿದ್ದ ಮನೋವೈದ್ಯೆ ಜೂಡಿತ್ ರಪೊಪೋರ್ಟ್, ಪದೇಪದೇ ಕೈ ತೊಳೆಯುವ ಮನುಷ್ಯರಿಗೂ ಕಾಲು ನೆಕ್ಕುವ ನಾಯಿಗಳಿಗೂ ಇರುವ ಹೋಲಿಕೆಯನ್ನು ಗಂಭೀರವಾಗಿ ತೆಗೆದುಕೊಂಡು, ಸಂಗಡಿಗರ ಜೊತೆ 42 ನಾಯಿಗಳ ಮೇಲೆ ಔಷಧಿಗಳನ್ನು ಹೋಲಿಸಿ ನೋಡಿದರು. ಕ್ಲೊಮಿಪ್ರಮಿನ್ ಮತ್ತು ಫ್ಲುಆಕ್ಸೆಟಿನ್ ಕೊಟ್ಟಾಗ ನೆಕ್ಕುವುದು ಕಡಿಮೆಯಾಯಿತು. ಡೆಸಿಪ್ರಮಿನ್ ಕೂಡ ಖಿನ್ನತೆಯ ಔಷಧಿಯೇ, ಕ್ಲೊಮಿಪ್ರಮಿನ್‌ನ ಹತ್ತಿರದ ಸಂಬಂಧಿಯೇ. ಆದರೂ ಅದರಿಂದ ಅಂಥ ಪ್ರಯೋಜನ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಸೆರೊಟೋನಿನ್‌ನಲ್ಲಿ. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಮೊದಲೆರಡು ಔಷಧಿಗಳು ಅದನ್ನು ನರಕೋಶ ಮರಳಿ ಹೀರಿಕೊಳ್ಳದಂತೆ ಬಲವಾಗಿ ತಡೆಯುತ್ತವೆ, ಡೆಸಿಪ್ರಮಿನ್ ಮುಖ್ಯವಾಗಿ ಬೇರೊಂದು ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ. 1998ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು 63 ನಾಯಿಗಳಲ್ಲಿ ಫ್ಲುಆಕ್ಸೆಟಿನ್ ಅನ್ನು ಔಷಧಿಯಿಲ್ಲದ ಹುಸಿಮಾತ್ರೆಯೊಂದಿಗೆ ಹೋಲಿಸಿದಾಗಲೂ ಫ್ಲುಆಕ್ಸೆಟಿನ್ ಮೇಲುಗೈ ಸಾಧಿಸಿತು.

ಇನ್ನೊಂದು ವಿಷಯವನ್ನು ನಿಮ್ಮಿಂದ ಮುಚ್ಚಿಡಬಾರದು. ಅಮೆರಿಕದಲ್ಲಿ ಕ್ಲೊಮಿಪ್ರಮಿನ್‌ಗೆ 1998ರಲ್ಲಿ, ಫ್ಲುಆಕ್ಸೆಟಿನ್‌ಗೆ 2007ರಲ್ಲಿ ನಾಯಿಗಳ ಬಳಕೆಗೆ ಪರವಾನಗಿ ಸಿಕ್ಕಿದ್ದು ಒಂಟಿಯಾಗಿ ಬಿಟ್ಟಾಗ ಉಂಟಾಗುವ ಆತಂಕಕ್ಕೆ. ನೆಕ್ಕುವ ಹುಣ್ಣಿಗೆ ಇವನ್ನು ಕೊಡುವುದು ಲೇಬಲ್ಲಿನಲ್ಲಿಲ್ಲದ ಬಳಕೆ. ಅದು ತಪ್ಪಲ್ಲ, ಆದರೆ ತೀರ್ಮಾನದ ಹೊಣೆ ನಾಯಿಯನ್ನು ಕಣ್ಣಾರೆ ಪರೀಕ್ಷಿಸಿದ ಪಶುವೈದ್ಯರದೇ ಆಗಿರಬೇಕು, ಔಷಧಿ ಅಂಗಡಿಯವರದಾಗಲಿ ನೆರೆಮನೆಯವರದಾಗಲಿ ಅಲ್ಲ.

ಇನ್ನು ಹಂತಗಳು.

1. ಎರಡು ವಾರ ಬರೆದಿಡಿ

ವೈದ್ಯರ ಬಳಿ ಹೋಗುವ ಮುನ್ನವೇ ಒಂದು ಪುಸ್ತಕ ಇಟ್ಟುಕೊಳ್ಳಿ. ದಿನದ ಯಾವ ಹೊತ್ತಿನಲ್ಲಿ ನೆಕ್ಕುತ್ತದೆ, ಎಷ್ಟು ನಿಮಿಷ, ಹೆಸರು ಹಿಡಿದು ಕರೆದರೆ ನಿಲ್ಲಿಸುತ್ತದೆಯೇ, ನಿಲ್ಲಿಸಿದ ಮೇಲೆ ಮತ್ತೆ ಶುರುಮಾಡುತ್ತದೆಯೇ ಎಂದು ಬರೆಯಿರಿ. ವಾರಕ್ಕೊಮ್ಮೆ ಗಾಯದ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು ಫೋಟೊ ತೆಗೆಯಿರಿ. ಗಾಯ ಕುಗ್ಗಿತೇ ಹಿಗ್ಗಿತೇ ಎಂಬುದು ನೆನಪಿನಿಂದ ಗೊತ್ತಾಗುವುದಿಲ್ಲ, ಫೋಟೊದಿಂದ ಗೊತ್ತಾಗುತ್ತದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನ ವಿಡಿಯೊ ಸಿಕ್ಕರೆ ಇನ್ನೂ ಒಳ್ಳೆಯದು.

ನೆಕ್ಕುವಾಗ ಗದರಬೇಡಿ, ಹೊಡೆಯಬೇಡಿ. ಗದರಿದರೆ ಆತಂಕ ಹೆಚ್ಚುತ್ತದೆ, ಇಲ್ಲವೇ ನಾಯಿ ಮಂಚದ ಕೆಳಗೆ ಹೋಗಿ ಕದ್ದು ನೆಕ್ಕುವುದನ್ನು ಕಲಿಯುತ್ತದೆ. ಓಡಿಹೋಗಿ ಮುದ್ದು ಮಾಡುವುದೂ ಬೇಡ; ನೆಕ್ಕಿದರೆ ಮನೆಯವರು ಬರುತ್ತಾರೆ ಎಂದು ಅದು ತಿಳಿಯುತ್ತದೆ.

2. ಗೀಳು ಎನ್ನುವ ಮೊದಲು ಬೇರೆ ಕಾರಣಗಳನ್ನು ಹುಡುಕಿಸಿ

ಇಡೀ ಚಿಕಿತ್ಸೆಯಲ್ಲಿ ಅತಿ ಮುಖ್ಯವಾದ, ಆದರೆ ಅತಿ ಹೆಚ್ಚು ಬಿಟ್ಟುಹೋಗುವ ಹಂತ ಇದು. ಗೀಳು ಎಂಬ ತೀರ್ಮಾನಕ್ಕೆ ಬೇರೆಲ್ಲ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆಯೇ ಬರಬೇಕು. ಈ ಮಾತಿಗೆ ಬೆಕ್ಕುಗಳ ಕುರಿತ ಒಂದು ಅಧ್ಯಯನ ಒಳ್ಳೆಯ ಸಾಕ್ಷಿ. ಮೈಯನ್ನು ಅತಿಯಾಗಿ ನೆಕ್ಕಿ ಕೂದಲು ಕಳೆದುಕೊಂಡ, ಮಾನಸಿಕ ಕಾರಣವೇ ಇರಬೇಕು ಎಂದು ಊಹಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ 16 ಬೆಕ್ಕುಗಳಲ್ಲಿ ದೈಹಿಕ ಕಾರಣವೇ ಸಿಕ್ಕಿತು. ಬರೀ ಮಾನಸಿಕ ಕಾರಣ ಇದ್ದದ್ದು ಎರಡರಲ್ಲಿ ಮಾತ್ರ, ಉಳಿದ ಮೂರರಲ್ಲಿ ಎರಡೂ ಬೆರೆತಿದ್ದವು. 2006ರಲ್ಲಿ ಪ್ರಕಟವಾದ ಈ ಲೆಕ್ಕ ಬೆಕ್ಕುಗಳದ್ದು, ನಾಯಿಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಊಹೆ ಎಷ್ಟು ತಪ್ಪಬಹುದು ಎಂಬುದನ್ನು ಅದು ತೋರಿಸಿಕೊಡುತ್ತದೆ.

ನಾಯಿಯಲ್ಲಿ ಹುಡುಕಬೇಕಾದವು ಇವು. ಮೊದಲನೆಯದು ಅಲರ್ಜಿ: ಚಿಗಟದ ಕಡಿತ, ಆಹಾರ, ಧೂಳು ಅಥವಾ ಪರಾಗದಿಂದ ಬರುವ ನವೆ. ಮೈಯ ಬೇರೆ ಕಡೆಯೂ ಕೆರೆದುಕೊಳ್ಳುತ್ತಿದ್ದರೆ, ಕಿವಿಯ ಸೋಂಕು ಪದೇಪದೇ ಬರುತ್ತಿದ್ದರೆ, ಋತುವಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತಿದ್ದರೆ ಅಲರ್ಜಿಯ ಗುಮಾನಿ ಬಲವಾಗಬೇಕು. ಎರಡನೆಯದು ನೋವು: ಗಾಯದ ಕೆಳಗಿನ ಕೀಲಿನಲ್ಲಿ ಸಂಧಿವಾತ, ಹಳೆಯ ಮೂಳೆ ಮುರಿತಕ್ಕೆ ಹಾಕಿದ ಪ್ಲೇಟು, ಮೂಳೆಯ ಗಡ್ಡೆ, ನರಕ್ಕಾದ ಪೆಟ್ಟು. ವಯಸ್ಸಾದ ಮೇಲೆ ಹೊಸದಾಗಿ ನೆಕ್ಕಲು ಶುರುಮಾಡಿದ ನಾಯಿಯಲ್ಲಿ ಎಕ್ಸ್‌ರೇ ತೆಗೆಸದೆ ಮುಂದೆ ಹೋಗಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರನೆಯದು ಕಜ್ಜಿ ಹುಳು ಮತ್ತು ಶಿಲೀಂಧ್ರ. ನಾಲ್ಕನೆಯದು ಚರ್ಮದೊಳಗೆ ಹೊಕ್ಕ ಮುಳ್ಳು, ಹುಲ್ಲಿನ ಊಬು. ಐದನೆಯದು ಥೈರಾಯ್ಡ್ ಕೊರತೆ.

ಇದಕ್ಕಾಗಿ ವೈದ್ಯರು ಚರ್ಮವನ್ನು ಬ್ಲೇಡಿನಿಂದ ಮೆಲ್ಲನೆ ಕೆರೆದು ಹುಳು ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಗಾಜಿನ ಪಟ್ಟಿಯನ್ನು ಗಾಯಕ್ಕೆ ಒತ್ತಿ ಬ್ಯಾಕ್ಟೀರಿಯಾ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ, ಬೇಕಾದರೆ ಬಯಾಪ್ಸಿ ಮಾಡುತ್ತಾರೆ. ಬಯಾಪ್ಸಿ ಎಂದರೆ ಚರ್ಮದ ಒಂದು ಸಣ್ಣ ತುಣುಕನ್ನು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು. ಗಡ್ಡೆಯಂತೆ ಕಾಣುವ ಗಾಯಕ್ಕೆ ಇದು ಬೇಕೇ ಬೇಕು, ಏಕೆಂದರೆ ಕೆಲವು ಚರ್ಮದ ಕ್ಯಾನ್ಸರ್‌ಗಳು ಹೊರನೋಟಕ್ಕೆ ಹೀಗೆಯೇ ಇರುತ್ತವೆ. ನಿಮ್ಮ ಊರಿನ ಚಿಕಿತ್ಸಾಲಯದಲ್ಲಿ ಇಷ್ಟೆಲ್ಲ ಸೌಲಭ್ಯ ಇಲ್ಲದಿದ್ದರೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿ ಇರುವ ಪಶುವೈದ್ಯಕೀಯ ಕಾಲೇಜುಗಳಲ್ಲಿ ಹತ್ತಿರದ್ದನ್ನು ವಿಚಾರಿಸಿ.

3. ಆಳದ ಸೋಂಕನ್ನು ಪೂರ್ತಿ ಕಳೆಯಿರಿ

ಹಳೆಯ ಗಾಯಗಳಲ್ಲಿ ಬಹುಪಾಲು ಎಲ್ಲದರಲ್ಲೂ ಆಳದ ಸೋಂಕು ಇರುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಇರುತ್ತದೆ. ಹಾಗಾಗಿ ಗಾಯದ ಮೇಲ್ಭಾಗವನ್ನು ಹತ್ತಿಯಿಂದ ಒರೆಸಿ ಮಾಡಿದ ಕಲ್ಚರ್ ಪರೀಕ್ಷೆ ದಾರಿ ತಪ್ಪಿಸಬಹುದು. ಬಯಾಪ್ಸಿಗೆ ತೆಗೆದ ತುಣುಕಿನಿಂದಲೇ ಕಲ್ಚರ್ ಮಾಡಿಸುವುದು ಒಳ್ಳೆಯದು. ಯಾವ ಬ್ಯಾಕ್ಟೀರಿಯಾ ಇದೆ, ಯಾವ ಆ್ಯಂಟಿಬಯೋಟಿಕ್ ಅದನ್ನು ಕೊಲ್ಲುತ್ತದೆ ಎಂದು ತಿಳಿಸುವ ಪರೀಕ್ಷೆಯೇ ಕಲ್ಚರ್.

ಆ್ಯಂಟಿಬಯೋಟಿಕ್ ಇಲ್ಲಿ ಐದಾರು ದಿನದ ಮಾತಲ್ಲ. ಆರರಿಂದ ಎಂಟು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಹತ್ತನೆಯ ದಿನಕ್ಕೆ ಹಕ್ಕಳೆ ಉದುರಿ ಚರ್ಮ ಚೆನ್ನಾಗಿ ಕಾಣುತ್ತದೆ, ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ತಿಂಗಳೊಳಗೆ ಗಾಯ ಮರಳುತ್ತದೆ, ಈ ಬಾರಿ ಅದೇ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾದೊಂದಿಗೆ. ದಯವಿಟ್ಟು ಹೀಗೆ ಮಾಡಬೇಡಿ. ಹಾಗೆಯೇ, ನವೆ ನಿಲ್ಲಲಿ ಎಂದು ಪದೇಪದೇ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸುವುದೂ ಬೇಡ. ಕೆಲವು ದಿನ ನೆಮ್ಮದಿ ಸಿಗುತ್ತದೆ ನಿಜ, ಆದರೆ ಆಳದ ಸೋಂಕು ಆ ನೆಮ್ಮದಿಯ ಮರೆಯಲ್ಲೇ ಬೆಳೆಯುತ್ತದೆ.

4. ನಾಲಿಗೆಗೂ ಗಾಯಕ್ಕೂ ನಡುವೆ ಅಡ್ಡಿ ಇಡಿ

ಕುತ್ತಿಗೆಗೆ ಹಾಕುವ ಕೋನ್, ಅಂದರೆ ಲಾಳಿಕೆಯಾಕಾರದ ಪ್ಲಾಸ್ಟಿಕ್ ಪಟ್ಟಿ, ಮೊದಲ ಕೆಲವು ವಾರಗಳಿಗೆ ಬೇಕಾಗುತ್ತದೆ. ಅದು ಮೂಗಿನ ತುದಿಯನ್ನು ದಾಟಿ ಮುಂದಕ್ಕೆ ಚಾಚಿರಬೇಕು, ಇಲ್ಲವಾದರೆ ಉದ್ದ ಕಾಲಿನ ನಾಯಿ ಸುಲಭವಾಗಿ ಗಾಯವನ್ನು ಮುಟ್ಟುತ್ತದೆ. ಬ್ಯಾಂಡೇಜನ್ನು ವೈದ್ಯರೇ ಕಟ್ಟಲಿ; ಬಿಗಿಯಾದರೆ ಪಾದ ಊದಿಕೊಳ್ಳುತ್ತದೆ, ಒದ್ದೆಯಾದರೆ ಒಳಗೆ ಕೊಳೆಯುತ್ತದೆ.

ಅಡ್ಡಿಯೊಂದೇ ಚಿಕಿತ್ಸೆಯಲ್ಲ. ಕಾರಣವನ್ನು ಹಾಗೆಯೇ ಬಿಟ್ಟು ಎಡಗಾಲಿಗೆ ಕಟ್ಟು ಕಟ್ಟಿದರೆ ನಾಯಿ ಬಲಗಾಲನ್ನು ಹಿಡಿಯುತ್ತದೆ. ಗಾಯಕ್ಕೆ ಮನೆಯಲ್ಲಿರುವ ಮುಲಾಮುಗಳನ್ನು ಹಚ್ಚುವುದಂತೂ ಅಪಾಯ: ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಎಂದೇ ತಿಳಿಯಿರಿ. ನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್, ಸತು ಬೆರೆತ ಕ್ರೀಮು, ಟೀ ಟ್ರೀ ಎಣ್ಣೆ ನಾಯಿಗೆ ವಿಷವಾಗಬಲ್ಲವು. ಕೊಬ್ಬರಿ ಎಣ್ಣೆ ವಿಷವಲ್ಲ, ಆದರೆ ಅದರ ರುಚಿಗೇ ನಾಯಿ ಇನ್ನಷ್ಟು ನೆಕ್ಕುತ್ತದೆ.

5. ಮಾತ್ರೆ ಶುರುಮಾಡುವ ಮುನ್ನ

ಯಕೃತ್ತು ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ, ಏಕೆಂದರೆ ಔಷಧಿಯನ್ನು ಕರಗಿಸಿ ಹೊರಹಾಕುವ ಅಂಗಗಳು ಅವು. ಥೈರಾಯ್ಡ್ ಪರೀಕ್ಷೆ ಬೇಕಿದ್ದರೆ ಈಗಲೇ ಮಾಡಿಸಿ. ಕ್ಲೊಮಿಪ್ರಮಿನ್ ಶುರುವಾದ ಮೇಲೆ ಥೈರಾಯ್ಡ್ ಹಾರ್ಮೋನಿನ ಮಟ್ಟ ಇಳಿಯುವುದರಿಂದ ಆರೋಗ್ಯವಂತ ನಾಯಿಗೂ ಕೊರತೆ ಇದ್ದಂತೆ ವರದಿ ಬರಬಹುದು. ನಾಯಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ, ಹೃದಯದ ತೊಂದರೆ ಅಥವಾ ಗ್ಲಾಕೋಮ ಇದ್ದರೆ ಮರೆಯದೆ ಹೇಳಿ. ಮರಿಗಾಗಿ ಸಾಕಿರುವ ಗಂಡುನಾಯಿಗೆ ಕ್ಲೊಮಿಪ್ರಮಿನ್ ಬೇಡ.

ಈಗ ಕೊಡುತ್ತಿರುವ, ಹಚ್ಚುತ್ತಿರುವ ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಉಣ್ಣೆಗೂ ಕಜ್ಜಿಗೂ ನೀರಿನಲ್ಲಿ ಕಲಸಿ ನಾಯಿಯ ಮೈಗೆ ಹಚ್ಚುವ ಔಷಧಿಗಳಲ್ಲಿ ಅಮಿಟ್ರಾಜ್ ಎಂಬುದು ಬಹಳ ಬಳಕೆಯಲ್ಲಿದೆ. ಅಮಿಟ್ರಾಜ್ ದೇಹದಲ್ಲಿ ಸೆರೊಟೋನಿನ್ ಒಡೆಯುವ ಕಿಣ್ವವನ್ನು ತಡೆಯುತ್ತದೆ, ಫ್ಲುಆಕ್ಸೆಟಿನ್ ಅಥವಾ ಕ್ಲೊಮಿಪ್ರಮಿನ್ ಸೆರೊಟೋನಿನ್ ಹೀರಿಕೆಯನ್ನು ತಡೆಯುತ್ತದೆ. ಎರಡೂ ಸೇರಿದರೆ ಸೆರೊಟೋನಿನ್ ಮಿತಿಮೀರಿ ಪ್ರಾಣಕ್ಕೆ ಕುತ್ತು ಬರಬಹುದು. ಅಮಿಟ್ರಾಜ್ ಬಳಸಿದ್ದರೆ ಕನಿಷ್ಠ 14 ದಿನ ಬಿಟ್ಟು ಮಾತ್ರೆ ಶುರುಮಾಡಬೇಕು, ಮಾತ್ರೆ ನಡೆಯುತ್ತಿರುವಷ್ಟೂ ಕಾಲ ಉಣ್ಣೆಗೆ ಬೇರೆ ಔಷಧಿಯನ್ನೇ ಬಳಸಬೇಕು. ನೋವಿಗೆ ಕೊಡುವ ಟ್ರಮಡಾಲ್, ಮುದಿ ನಾಯಿಗಳ ಮರೆವಿಗೆ ಕೊಡುವ ಸೆಲಿಜಿಲಿನ್, ಡೆಕ್ಸ್ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್, ಲಿನೆಜೋಲಿಡ್ ಎಂಬ ಆ್ಯಂಟಿಬಯೋಟಿಕ್ ಕೂಡ ಇದೇ ಸಾಲಿನವು. ಫ್ಲುಆಕ್ಸೆಟಿನ್ ನಿಲ್ಲಿಸಿದರೂ ದೇಹದಿಂದ ಪೂರ್ತಿ ಹೋಗಲು ಐದಾರು ವಾರ ಹಿಡಿಯುತ್ತದೆ, ಆದ್ದರಿಂದ ಈ ಎಚ್ಚರಿಕೆ ಮಾತ್ರೆ ಮುಗಿದ ದಿನಕ್ಕೆ ಮುಗಿಯುವುದಿಲ್ಲ.

6. ಔಷಧಿ ಕೊಳ್ಳುವುದು, ಕೊಡುವುದು

ನಾಯಿಗಳಿಗೆ ಸಾಮಾನ್ಯವಾಗಿ ಬಳಸುವ ಪ್ರಮಾಣ, ಫ್ಲುಆಕ್ಸೆಟಿನ್ ಆದರೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 2 ಮಿ.ಗ್ರಾಂ, ದಿನಕ್ಕೊಮ್ಮೆ, ಕ್ಲೊಮಿಪ್ರಮಿನ್ ಆದರೆ ಪ್ರತಿ ಕಿಲೋಗೆ 1ರಿಂದ 2 ಮಿ.ಗ್ರಾಂ, ಕೆಲವೊಮ್ಮೆ 3ರವರೆಗೆ, ದಿನಕ್ಕೆರಡು ಬಾರಿ. 30 ಕಿಲೋ ತೂಗುವ ಲ್ಯಾಬ್ರಡಾರ್‌ಗೆ ಫ್ಲುಆಕ್ಸೆಟಿನ್ 30 ಮಿ.ಗ್ರಾಂನಿಂದ, ಅಂದರೆ ಒಂದು 20ರದ್ದು ಮತ್ತು ಒಂದು 10ರದ್ದರಿಂದ ಶುರುವಾಗಬಹುದು. ಈ ಲೆಕ್ಕ ಕೊಟ್ಟಿರುವುದು ವೈದ್ಯರ ಚೀಟಿಯನ್ನು ನೀವು ಅರ್ಥಮಾಡಿಕೊಳ್ಳಲಿ ಎಂದು, ಚೀಟಿಯಿಲ್ಲದೆ ಕೊಡಲಿ ಎಂದಲ್ಲ.

ಎರಡೂ ಮನುಷ್ಯರ ಔಷಧಿ ಅಂಗಡಿಯಲ್ಲಿ ಸಿಗುತ್ತವೆ, ಆದರೆ ಚೀಟಿಯಿಲ್ಲದೆ ಮಾರುವಂತಿಲ್ಲ. ಪಶುವೈದ್ಯರ ಚೀಟಿ ಕಂಡು ಅಂಗಡಿಯವರು ಅನುಮಾನಿಸುವುದುಂಟು; ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ, ನಾಯಿಯ ಹೆಸರು ಮತ್ತು ತೂಕ, ನಿಮ್ಮ ಹೆಸರು ಇರುವಂತೆ ನೋಡಿಕೊಳ್ಳಿ. ಸ್ಟ್ರಿಪ್ ಕೈಗೆ ಬಂದಾಗ ಮೂರು ಸಂಗತಿ ಓದಿ. ಶಕ್ತಿ ಎಷ್ಟು: ಫ್ಲುಆಕ್ಸೆಟಿನ್ 60 ಮಿ.ಗ್ರಾಂನಲ್ಲೂ ಬರುತ್ತದೆ. ಬೇರೆ ಔಷಧಿ ಬೆರೆತಿದೆಯೇ: ಓಲಾಂಜಪಿನ್ ಜೊತೆಗೂಡಿಸಿದ ಮಾತ್ರೆಗಳಿವೆ, ಅವು ನಿಮಗೆ ಬೇಡ. ಹೆಸರಿನ ಮುಂದೆ ‘ಎಸ್‌ಆರ್’ ಇದೆಯೇ: ಇದ್ದರೆ ಅದು ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆ, ಅದನ್ನು ಮುರಿದು ಕೊಡಬಾರದು. ಸಿರಪ್ ಕೊಳ್ಳುವುದಾದರೆ ಸಿಹಿಗಾಗಿ ಜೈಲಿಟಾಲ್ ಹಾಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನಮಗೆ ನಿರುಪದ್ರವಿಯಾದ ಆ ಸಿಹಿ ನಾಯಿಗೆ ಮಾರಕ.

ಮಾತ್ರೆಯನ್ನು ಊಟದ ಜೊತೆ, ದಿನವೂ ಒಂದೇ ಹೊತ್ತಿಗೆ ಕೊಡಿ. ರಾಗಿ ಮುದ್ದೆಯ ಸಣ್ಣ ಉಂಡೆಯೊಳಗೆ ಇಟ್ಟು ಕೊಟ್ಟರೆ ಹೆಚ್ಚಿನ ನಾಯಿಗಳು ತಕರಾರಿಲ್ಲದೆ ನುಂಗುತ್ತವೆ. ಒಂದು ಹೊತ್ತು ಮರೆತರೆ ಮರುದಿನ ಎರಡು ಕೊಡಬೇಡಿ.

7. ಮೊದಲ ಎಂಟು ವಾರ

ಔಷಧಿ ರಕ್ತಕ್ಕೆ ಸೇರಲು ಕೆಲವು ಗಂಟೆ ಸಾಕು. ಆದರೆ ಮಿದುಳಿನ ನರಕೋಶಗಳು ಹೊಸ ಸ್ಥಿತಿಗೆ ಹೊಂದಿಕೊಂಡು ನಡವಳಿಕೆ ಬದಲಾಗಲು ನಾಲ್ಕರಿಂದ ಎಂಟು ವಾರ ಬೇಕು. ಎರಡು ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸುವುದು ಈ ಚಿಕಿತ್ಸೆ ಸೋಲುವುದಕ್ಕೆ ಬಹು ದೊಡ್ಡ ಕಾರಣ. ಮೊದಲು ಕಾಣುವ ಸುಧಾರಣೆ ಗಾಯದಲ್ಲಲ್ಲ, ನಿಮ್ಮ ಪುಸ್ತಕದಲ್ಲಿ: ಕರೆದಾಗ ಬೇಗ ನಿಲ್ಲಿಸುತ್ತದೆ, ನೆಕ್ಕುವ ಸರದಿಗಳ ನಡುವಿನ ಬಿಡುವು ಹೆಚ್ಚುತ್ತದೆ.

ಮೊದಲ ವಾರಗಳಲ್ಲಿ ಹಸಿವು ತಗ್ಗುವುದು, ಮಂಕಾಗುವುದು ಫ್ಲುಆಕ್ಸೆಟಿನ್‌ನಲ್ಲಿ ಸಾಮಾನ್ಯ. ಕ್ಲೊಮಿಪ್ರಮಿನ್‌ನಲ್ಲಿ ವಾಂತಿ, ಬಾಯಿ ಒಣಗುವುದು, ಮಲಬದ್ಧತೆ ಕಾಣಬಹುದು. ಸೌಮ್ಯವಾಗಿದ್ದರೆ ವೈದ್ಯರು ಪ್ರಮಾಣ ತಗ್ಗಿಸಿ ಮತ್ತೆ ಏರಿಸುತ್ತಾರೆ. ಆದರೆ ಒಂದಿಡೀ ದಿನ ಏನೂ ತಿನ್ನದಿದ್ದರೆ, ಮೂತ್ರ ಕಟ್ಟಿದರೆ, ಹೊಸದಾಗಿ ಸಿಡುಕು ಅಥವಾ ಕಚ್ಚುವ ಸ್ವಭಾವ ತೋರಿದರೆ ಅಂದೇ ಕರೆ ಮಾಡಿ. ಮೈ ನಡುಕ, ಜ್ವರ, ಜೊಲ್ಲು ಸುರಿಯುವುದು, ಅಗಲವಾದ ಕಣ್ಣುಪಾಪೆ, ತಡೆಯಲಾಗದ ಚಡಪಡಿಕೆ, ಫಿಟ್ಸ್, ಇವು ಸೆರೊಟೋನಿನ್ ಮಿತಿಮೀರಿದ್ದರ ಲಕ್ಷಣಗಳು. ಇವು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಯ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ. ನಾಯಿ ಇಡೀ ಸ್ಟ್ರಿಪ್ಪನ್ನೇ ಅಗಿದಿದ್ದರೆ ಲಕ್ಷಣ ಕಾಣುವವರೆಗೂ ಕಾಯಬಾರದು.

8. ದಿನಚರಿಯನ್ನು ಬದಲಿಸಿ

ಈ ಹಂತವನ್ನು ಎಂಟನೆಯದಾಗಿ ಬರೆದಿದ್ದರೂ ಮಾತ್ರೆಯ ಮೊದಲ ದಿನದಿಂದಲೇ ಶುರುಮಾಡಬೇಕು. ಬೆಳಗ್ಗೆ ಎಂಟಕ್ಕೆ ಮನೆಯವರೆಲ್ಲ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಬರುವ ಮನೆಯ ಬಾಲ್ಕನಿಯಲ್ಲಿ, ಚೈನು ಹಾಕಿಸಿಕೊಂಡು ಹನ್ನೊಂದು ಗಂಟೆ ಕಳೆಯುವ ದೊಡ್ಡ ತಳಿಯ ನಾಯಿಗೆ ತನ್ನ ಕಾಲನ್ನು ಬಿಟ್ಟರೆ ಬೇರೆ ಕೆಲಸವೇ ಇರುವುದಿಲ್ಲ. ಆ ಹನ್ನೊಂದು ಗಂಟೆಯನ್ನು ಹಾಗೆಯೇ ಉಳಿಸಿಕೊಂಡು ಮಾತ್ರೆಯಿಂದ ಎಲ್ಲವನ್ನೂ ನಿರೀಕ್ಷಿಸುವುದು ಆ ಪ್ರಾಣಿಗೆ ಮಾಡುವ ಅನ್ಯಾಯ.

ಬೆಳಗ್ಗೆ ಹೊರಡುವ ಮುನ್ನ ಮೂಸಲು ಬಿಡುವಂಥ ನಿಧಾನದ ನಡಿಗೆ ಮಾಡಿಸಿ. ನಾಯಿಗೆ ಮೂಸುವುದೇ ಮನಸ್ಸಿಗೆ ಕೆಲಸ. ಊಟವನ್ನು ತಟ್ಟೆಯಲ್ಲಿ ಸುರಿಯುವ ಬದಲು ಒಂದಷ್ಟನ್ನು ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಬಚ್ಚಿಟ್ಟು ಹುಡುಕಲು ಬಿಡಿ. ಮಧ್ಯಾಹ್ನ ಒಮ್ಮೆ ಯಾರಾದರೂ ಬಂದು ಹೊರಗೆ ಕರೆದೊಯ್ಯುವ ಏರ್ಪಾಡಾದರೆ ತುಂಬ ಒಳ್ಳೆಯದು. ನೆಕ್ಕಲು ಶುರುಮಾಡಿದಾಗ ಗದರದೆ, ‘ಬಾ’, ‘ಕೂತ್ಕೋ’ ಎಂದು ಅದಕ್ಕೆ ಗೊತ್ತಿರುವ ಬೇರೊಂದು ಕೆಲಸ ಹೇಳಿ, ಮಾಡಿದಾಗ ತಿಂಡಿ ಕೊಡಿ. ದೀಪಾವಳಿಯ ಪಟಾಕಿ, ಮನೆ ಬದಲಾವಣೆ, ಹೊಸ ಮಗುವಿನ ಆಗಮನದಂಥ ಸಂದರ್ಭಗಳಲ್ಲಿ ನೆಕ್ಕುವುದು ಹೆಚ್ಚುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

9. ನಿಲ್ಲಿಸುವುದು

ಎಂಟು ವಾರ ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಪುಸ್ತಕದಲ್ಲಿ ಬದಲಾವಣೆ ಕಾಣದಿದ್ದರೆ ವೈದ್ಯರು ಔಷಧಿಯನ್ನು ಬದಲಿಸಬಹುದು. ಒಂದರಿಂದ ಇನ್ನೊಂದಕ್ಕೆ ನೀವಾಗಿಯೇ ಹಾರಬೇಡಿ, ಎರಡನ್ನೂ ಒಟ್ಟಿಗೆ ಕೊಡಲೇಬೇಡಿ. ಗುಣ ಕಂಡರೆ ಗಾಯ ಪೂರ್ತಿ ಮಾಗಿದ ಮೇಲೂ ಒಂದೆರಡು ತಿಂಗಳು ಮುಂದುವರಿಸಿ, ಆಮೇಲೆ ಎರಡು ವಾರಕ್ಕೊಮ್ಮೆ ಕಾಲುಭಾಗದಂತೆ ಇಳಿಸುತ್ತ ಬರುವುದು ರೂಢಿ. ಥಟ್ಟನೆ ನಿಲ್ಲಿಸಿದರೆ ಗೀಳು ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ಕೆಲವು ನಾಯಿಗಳಿಗೆ ಕಡಿಮೆ ಪ್ರಮಾಣದ ಮಾತ್ರೆ ವರ್ಷಗಟ್ಟಲೆ ಬೇಕಾಗುತ್ತದೆ. ಅದನ್ನು ಸೋಲು ಎಂದುಕೊಳ್ಳಬೇಕಿಲ್ಲ, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಿದ್ದರಾಯಿತು.

ಕತ್ತರಿಸಿ ತೆಗೆದುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಕಾಲಿನ ಕೆಳಭಾಗದಲ್ಲಿ ಎಳೆದು ಹೊಲಿಯುವಷ್ಟು ಸಡಿಲ ಚರ್ಮ ಇರುವುದಿಲ್ಲ, ನೆಕ್ಕುವ ನಾಯಿ ಹೊಲಿಗೆಯನ್ನೂ ನೆಕ್ಕುತ್ತದೆ. ಗಡ್ಡೆಯೆಂಬ ಗುಮಾನಿ ಇದ್ದಾಗ ಬಿಟ್ಟರೆ ಶಸ್ತ್ರಚಿಕಿತ್ಸೆ ಕೊನೆಯ ಆಯ್ಕೆಯಾಗಿಯೇ ಇರಲಿ.

ಮಾತ್ರೆ ಇಳಿಸುವ ದಿನಗಳಲ್ಲೂ ವಾರದ ಫೋಟೊ ತಪ್ಪಿಸಬೇಡಿ. ತಿಳಿ ಬಣ್ಣದ ನಾಯಿಯಾದರೆ ಹುಣ್ಣು ಏಳುವ ಎಷ್ಟೋ ದಿನ ಮೊದಲೇ ಜೊಲ್ಲು ತಾಗಿ ಆ ಜಾಗದ ಕೂದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪು ನಾಯಿಯಾದರೆ ಬೆಳಗ್ಗೆ ಎದ್ದೊಡನೆ ಕೈಯಾಡಿಸಿ, ಕೂದಲು ಒದ್ದೆಯಾಗಿದೆಯೇ ನೋಡಿ. ಹಾಗೆ ಕಂಡ ದಿನವೇ ಕೋನ್ ಹಾಕಿ, ಪ್ರಮಾಣ ಇಳಿಸುವುದನ್ನು ತಡೆಹಿಡಿದು, ವೈದ್ಯರಿಗೆ ಫೋಟೊ ಕಳುಹಿಸಿ.